ಅಣ್ಣನ ಕುಡಿತ ಬಿಡಿಸಲು ಸೆಂಟರ್ ಹುಡುಕುತ್ತಿದ್ದೇವೆ, ಏನು ನೋಡಬೇಕು?

ಅರಸೀಕೆರೆ ತಂಗಿ:
ನಮ್ಮಣ್ಣನಿಗೆ 41 ವರ್ಷ, ಕೊಬ್ಬರಿ ಮಂಡಿಯಲ್ಲಿ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ 90 ಎಂಎಲ್ ಪ್ಯಾಕೆಟ್ ಬೇಕು. ಇಲ್ಲದಿದ್ದರೆ ಕಾಫಿ ಲೋಟ ಹಿಡಿಯೋಕೂ ಆಗುವುದಿಲ್ಲ, ಕೈ ನಡುಗುತ್ತದೆ. ಒಂದು ಸೆಂಟರ್‌ನವರು ಫೋನಿನಲ್ಲಿ, "90 ದಿನ, ಗ್ಯಾರಂಟಿ. ರಾತ್ರಿ ನಾವೇ ಗಾಡಿ ತರ್ತೀವಿ, ನೀವು ಬಾಗಿಲು ತೆಗೆದಿಡಿ ಸಾಕು" ಅಂದರು. ತಿಂಗಳಿಗೆ 18 ಸಾವಿರ. ಅತ್ತಿಗೆ ಬಳೆ ಅಡ ಇಡಲು ತಯಾರಿದ್ದಾರೆ. ಪಕ್ಕದ ಮನೆಯವರು ಊಟದ ಸಾರಿನಲ್ಲಿ ಗುಟ್ಟಾಗಿ ಬೆರೆಸುವ, ಕುಡಿತ ಬಿಡಿಸುವ ಪುಡಿ ಕೊಡಿಸುತ್ತೇನೆ ಅನ್ನುತ್ತಾರೆ. ಏನು ಮಾಡಲಿ?

ಹಳೇ ಮೆಕ್ಯಾನಿಕ್:
ತಂಗಿ, ಬಾಗಿಲು ತೆಗೆದಿಡಬೇಡಮ್ಮ. ನನ್ನನ್ನು ಹಾಗೇ ಎತ್ತಿಕೊಂಡು ಹೋಗಿದ್ದರು. ಲುಂಗಿಯಲ್ಲೇ. ಒಂದು ಹಾಲ್, ನಲವತ್ತು ಜನ, ಡಾಕ್ಟರ್ ಇಲ್ಲ. ನೋಡಿಕೊಳ್ಳುತ್ತಿದ್ದವನೂ ಮೊದಲು ಅಲ್ಲೇ ಸೇರಿದ್ದ ಕುಡುಕ. ಎರಡನೇ ರಾತ್ರಿ ಗೋಡೆ ತುಂಬ ಇರುವೆ ಕಂಡವು, ಒರೆಸುತ್ತಾ ಕೂತೆ. ಇರುವೆ ಇರಲೇ ಇಲ್ಲ. ಗಲಾಟೆ ಮಾಡುತ್ತಾನೆ ಅಂತ ಮಂಚಕ್ಕೆ ಕಟ್ಟಿದರು. ಬೆಳಗಿನ ಜಾವ ಫಿಟ್ಸ್ ಬಂತು. ಆಮೇಲೇ ಸರ್ಕಾರಿ ಆಸ್ಪತ್ರೆ ಕಂಡಿದ್ದು.

ಮೂರು ತಿಂಗಳಾದ ಮೇಲೆ ಬಿಟ್ಟರು. ಊರಿಗೆ ಬರಲು ಅಕ್ಕ ಕಳಿಸಿದ್ದ ಬಸ್ ಚಾರ್ಜಿನಲ್ಲೇ ಕುಡಿದೆ.

ಎರಡನೇ ಸಲ ನಾನಾಗೇ ನಿಮ್ಹಾನ್ಸ್‌ಗೆ ಹೋದೆ. ಅಲ್ಲಿನ ಡಾಕ್ಟರ್ ಬುದ್ಧಿ ಹೇಳಲಿಲ್ಲ. "ದಿನದ ಮೊದಲ ಗ್ಲಾಸ್ ಎಷ್ಟು ಗಂಟೆಗೆ?" ಅಂತ ಕೇಳಿದರು. "ಆರಕ್ಕೆ" ಅಂದೆ. "ಹಾಗಾದರೆ ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ, ಇಲ್ಲೇ ನಿಲ್ಲಿಸೋಣ" ಅಂದರು. ನಿಮ್ಮಣ್ಣನಿಗೂ ಇದೇ ಮಾತು. ನಿಲ್ಲಿಸಿದ ಮೊದಲ ನಾಲ್ಕೈದು ದಿನವೇ ಗಂಡಾಂತರ.

ಸೆಂಟರ್‌ನವರನ್ನು ಹೀಗೆ ಕೇಳಿ: ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ? ಮನೋವೈದ್ಯರ ಹೆಸರೇನು? ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ? 2017ರ ಕಾಯ್ದೆ ಪ್ರಕಾರ ಅದು ಇರಲೇಬೇಕು. ಒಳಗೆ ಬಂದು ನೋಡಬಹುದಾ, ಅಣ್ಣನ ಜೊತೆ ಫೋನಿನಲ್ಲಿ ಮಾತಾಡಬಹುದಾ? ಇಷ್ಟಕ್ಕೇ ತಡವರಿಸಿದರೆ ಫೋನ್ ಇಡಿ. ಗ್ಯಾರಂಟಿ ಮಿಕ್ಸಿಗೆ ಕೊಡಲಿ, ಮನುಷ್ಯನಿಗಲ್ಲ.

ವಾರ್ಡ್ ಸಿಸ್ಟರ್:
ಪುಡಿ ಬೇಡವೇ ಬೇಡ. ಇಂಥ ಪುಡಿಗಳಲ್ಲಿ ಕೆಲವು ಸಲ ಡೈಸಲ್ಫಿರಾಮ್ ಇರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರ್ ಕೊಟ್ಟರೂ ರೋಗಿಗೆ ಹೇಳಿಯೇ ಕೊಡುವ ಮಾತ್ರೆ ಅದು. ನಿಮಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಹಿಮ್ಸ್, ಹತ್ತಿರ ಅಲ್ವಾ? ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ.

ತುಮಕೂರು ಗೌಡ:
ಹೇಳೋದು ಸುಲಭ. ಕುಡಿಯೋನು ತಾನಾಗೇ ಆಸ್ಪತ್ರೆಗೆ ಬರುತ್ತಾನಾ? ನಮ್ಮ ಭಾವನನ್ನು ಎತ್ತಾಕಿಕೊಂಡೇ ಹೋಗಿದ್ದು, ಈಗ ಚೆನ್ನಾಗಿದ್ದಾನೆ.

ಹಳೇ ಮೆಕ್ಯಾನಿಕ್:
ಗೌಡ್ರೇ, ಸಂತೋಷ. ಒಪ್ಪದವರಿಗೂ ಕಾನೂನಿನಲ್ಲಿ ದಾರಿ ಇದೆ, ಆದರೆ ಮೊದಲು ಡಾಕ್ಟರ್‌ಗಳು ನೋಡಿ ಬರೆಯಬೇಕು. ವ್ಯಾನ್ ಡ್ರೈವರ್ ಅಲ್ಲ. ಮತ್ತೆ ತಂಗಿ, ಆಸ್ಪತ್ರೆ ಆದಮೇಲಿನದ್ದೂ ಯೋಚಿಸಿ. ನನ್ನನ್ನು ಉಳಿಸಿದ್ದು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರಿ ಮಾತಾಡುವುದು. ಫೀಸಿಲ್ಲ, ಟೀ ಮಾತ್ರ ಸುಮಾರು.

ಅರಸೀಕೆರೆ ತಂಗಿ:
14416ಕ್ಕೆ ಮಾಡಿದೆ. ಅರ್ಧ ಗಂಟೆ ಮಾತಾಡಿದರು. ಬುಧವಾರ ಹಿಮ್ಸ್‌ಗೆ ಹೋಗೋಣ ಅಂತಿದ್ದೇವೆ. ಅತ್ತಿಗೆ ಬಳೆ ಸದ್ಯಕ್ಕೆ ಕೈಯಲ್ಲೇ ಇದೆ. ಅಣ್ಣನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ಹೇಳುತ್ತೇನೆ. ಅರ್ಧ ಲೋಟವೇ ಹಾಕಿ ಕೊಡಬೇಕು, ಚೆಲ್ಲದ ಹಾಗೆ.