ಆರೋಪಿಗಳ ಹುಡುಕಾಟ, ಫೋಟೋ, ಫಾರ್ವರ್ಡ್: ವಕೀಲರಿಗೆ ನಮ್ಮ ಕಲಬುರಗಿ ಗುಂಪಿನ ಪ್ರಶ್ನೆಗಳು

ಅಡ್ಮಿನ್: ಗುಂಡು ಹಾರಿಸಿ ದುಡ್ಡು ದೋಚಿ ಓಡಿದವರನ್ನು ಪೊಲೀಸರು ಹುಡುಕುತ್ತಿದ್ದಾರೆ. ಗುಂಪಿಗೆ ಫೋಟೋ, ವಿಡಿಯೋ ಬರುತ್ತಲೇ ಇವೆ. ಕ್ರಿಮಿನಲ್ ಕೇಸು ನಡೆಸುವ ನಮ್ಮ ವಕೀಲ ಮೇಡಂ ಉತ್ತರ ಕೊಡುತ್ತಾರೆ, ಕೇಳಿ.

ಶಹಾಬಾದ್ ಕಿರಾಣಿ: ಮೇಡಂ, ಟಿವಿಯಲ್ಲಿ ಬಂದ ಫೋಟೋ ಸ್ಟೇಟಸ್‌ಗೆ ಹಾಕಬಹುದಾ?

ವಕೀಲರು: ಪೊಲೀಸ್ ಇಲಾಖೆಯೇ ಹೊರಡಿಸಿದ ಫೋಟೋ ಇದ್ದರೆ ಅವರ ಬರಹದ ಸಮೇತ ಹಾಕಿ. ಬೇರೆ ಯಾವುದೂ ಬೇಡ.

ಸೇಡಂ ರೋಡ್: ನಮಸ್ಕಾರ್ರೀ ಮೇಡಂ. ನಮ್ಮ ಅಕ್ಕನ ಮಗ ಹುಮನಾಬಾದ್ ಹತ್ತಿರ ಢಾಬಾದಲ್ಲಿ ಚಹಾ ಕುಡಿದು ಬಂದಿದ್ದ. ಅಲ್ಲಿಯ ಸಿಸಿಟಿವಿ ಚಿತ್ರದಲ್ಲಿ ಅವನ ಮುಖಕ್ಕೆ ಕೆಂಪು ಗೆರೆ ಸುತ್ತಿ ‘ಇವನೇ’ ಅಂತ ಬರೆದು ಯಾರೋ ಬಿಟ್ಟಿದ್ದಾರೆ. ಒಂದು ಯೂಟ್ಯೂಬ್ ಚಾನೆಲ್‌ನಲ್ಲೂ ಬಂತು. ಪೊಲೀಸರು ಕರೆದು ಕೇಳಿ ಕಳಿಸಿದರು, ಮತ್ತೆ ಬಾ ಅಂದಿದ್ದಾರೆ. ಹುಡುಗ ಊಟ ಬಿಟ್ಟು ಕೂತಿದ್ದಾನೆ. ಪುಣೆಗೆ ಕಳಿಸಿಬಿಡೋಣ ಅಂತಿದ್ದೀವಿ.

ವಕೀಲರು: ಅಣ್ಣಾ, ಎಲ್ಲಿಗೂ ಕಳಿಸಬೇಡಿ. ಇವತ್ತು ಊರು ಬಿಟ್ಟರೆ ನಾಳೆ ‘ತಲೆಮರೆಸಿಕೊಂಡ’ ಅಂತ ಸುದ್ದಿಯಾಗುತ್ತದೆ. ಮತ್ತೆ ಕರೆದರೆ ಲಿಖಿತ ನೋಟಿಸು ಕೇಳಿ. ಸಾಕ್ಷಿಯಾಗಿ ಕರೆದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕಾನೂನು) ಕಲಂ 179, ಅನುಮಾನ ಇದ್ದು ಕರೆದರೆ ಕಲಂ 35(3) ಅಂತ ಅದರಲ್ಲಿ ಇರುತ್ತದೆ. ಒಬ್ಬನನ್ನೇ ಬಿಡಬೇಡಿ, ವಕೀಲರು ಜೊತೆಗಿರಲಿ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ, ಖಾಲಿ ಹಾಳೆಗಂತೂ ಹಾಕಲೇಬಾರದು. ಒಂದು ವೇಳೆ ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಢಾಬಾದಲ್ಲಿ ಫೋನ್‌ಪೇ ಮಾಡಿದ್ದರೆ ಆ ಸಮಯದ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡಿ. ಚಾನೆಲ್‌ನ ಲಿಂಕ್, ವಿಡಿಯೋ ಎರಡನ್ನೂ ಉಳಿಸಿಕೊಂಡು ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಯಲ್ಲಿ ದೂರು ಕೊಡಿ.

ನನಗೆ ಜಾಸ್ತಿ ಚಿಂತೆ ಗುರುತು ಪತ್ತೆ ಪರೇಡಿನದು. ಕಣ್ಣಾರೆ ಕಂಡ ಸಾಕ್ಷಿ ಹತ್ತಾರು ಜನರ ನಡುವೆ ಆರೋಪಿಯನ್ನು ಗುರುತಿಸಬೇಕು. ಮೊಬೈಲಿನಲ್ಲಿ ಈ ಹುಡುಗನ ಮುಖವನ್ನೇ ನೋಡಿ ನೋಡಿ ಬಂದ ಸಾಕ್ಷಿ ಇವನನ್ನೇ ತೋರಿಸಬಹುದು. ನಿಜವಾದ ಆರೋಪಿ ಸಿಕ್ಕರೂ ಅವನ ವಕೀಲರು ‘ಸಾಕ್ಷಿ ಮೊದಲೇ ಟಿವಿಯಲ್ಲಿ ನೋಡಿದ್ದಾರೆ’ ಅನ್ನುತ್ತಾರೆ, ಕೇಸು ಸಡಿಲವಾಗುತ್ತದೆ. ದರೋಡೆಕೋರರ ಗುಂಡಿಗೆ ಸತ್ತವರ ಮನೆಯವರಿಗೂ ಇದರಿಂದ ನ್ಯಾಯ ಸಿಗಲ್ಲ. ಹುಡುಗನ ವಯಸ್ಸೆಷ್ಟು?

ಚಿಂಚೋಳಿ ಬುಲೆಟ್: ಫಾರ್ವರ್ಡ್ ಬಂದಿದೆ ನೋಡಿ: ‘ಹೊಸ ಕಾನೂನು. ದರೋಡೆಕೋರ ಕೈಗೆ ಸಿಕ್ಕರೆ ಜನ ಹೊಡೆದು ಸಾಯಿಸಿದರೂ ಕೇಸಿಲ್ಲ. ಎಲ್ಲರಿಗೂ ಕಳಿಸಿ.’

ವಕೀಲರು: ಸುಳ್ಳು, ಅಳಿಸಿ. ಅದು ಕೊಲೆ ಕೇಸೇ ಆಗುತ್ತದೆ. ನಿಮ್ಮ ಕಣ್ಣೆದುರೇ ಅಂಥ ಅಪರಾಧ ನಡೆದರೆ ಹಿಡಿಯಬಹುದು, ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು, ಅಷ್ಟೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅಂತ ವಾಟ್ಸಾಪ್ ನಂಬಿ ಹೈದರಾಬಾದಿನಿಂದ ಬಂದ ಯುವಕನೊಬ್ಬನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅವರ ತಪ್ಪಾಯಿತು. ಗ್ರೂಪ್ ಅಡ್ಮಿನ್ ಕೂಡ ಜೈಲು ಕಂಡ.

ಜೇವರ್ಗಿ: ಫೋಟೋ ಶೇರ್ ಮಾಡಬಹುದಾ ಮೇಡಂ?

ವಕೀಲರು: ಮೇಲೆ ಹೇಳಿದ್ದೇನೆ.

ಆಳಂದ ನಾಕಾ: ನಾನು ರೂಮು ಬಾಡಿಗೆಗೆ ಕೊಡುತ್ತೇನೆ, ಆಧಾರ್ ತಗೊಂಡಿಲ್ಲ. ನನಗೂ ತೊಂದರೆ ಬರುತ್ತಾ?

ಚಿಂಚೋಳಿ ಬುಲೆಟ್: ಇಂಥವರಿಗೆ ಕೋರ್ಟು ಯಾಕ್ರೀ? 2019ರಲ್ಲಿ ಹೈದರಾಬಾದ್ ಹತ್ತಿರ ಅತ್ಯಾಚಾರ, ಕೊಲೆ ಆರೋಪಿಗಳಿಗೆ ಪೊಲೀಸರು ಎನ್‌ಕೌಂಟರ್ ಮಾಡಿದ ಹಾಗೆ ಮಾಡಬೇಕು.

ಚಿತ್ತಾಪುರ ಟೀಚರ್: ಆ ಎನ್‌ಕೌಂಟರ್ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರಕರ್ ಆಯೋಗ ಏನು ಹೇಳಿತು ಓದಿದ್ದೀಯಾ ತಮ್ಮಾ? ಪೊಲೀಸರು ಹೇಳಿದ ಕಥೆ ನಂಬುವಂಥದ್ದಲ್ಲ, ಕೊಲ್ಲಬೇಕೆಂದೇ ಗುಂಡು ಹಾರಿಸಿದರು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು ಅಂತ ಹೇಳಿತು.

ಚಿಂಚೋಳಿ ಬುಲೆಟ್: ನಿಮಗೆ ಕಳ್ಳರ ಮೇಲೇ ಕನಿಕರ. ನಿಮ್ಮ ಮನೆಯಲ್ಲಿ ಆಗಿದ್ದರೆ ಗೊತ್ತಾಗುತ್ತಿತ್ತು.

ಚಿತ್ತಾಪುರ ಟೀಚರ್: ನನ್ನ ಮನೆ ಸುದ್ದಿಗೆ ಬರಬೇಡ. ಮಾತು ಸರಿಯಾಗಿರಲಿ.

ಯಾದಗಿರಿ ಸ್ಟೇಷನ್ ರೋಡ್: ಪೊಲೀಸರು ಸುತ್ತುವರಿದದ್ದನ್ನು ಚಾನೆಲ್‌ನವರು ಲೈವ್ ತೋರಿಸುವುದು ಸರಿನಾ ಮೇಡಂ? ಒಳಗಿರುವವರೂ ಅದನ್ನೇ ನೋಡುತ್ತಾರಲ್ವಾ?

ವಕೀಲರು: ಹೌದು, ಒಳ್ಳೆಯ ಪ್ರಶ್ನೆ. 2008ರ ಮುಂಬೈ ದಾಳಿಯಲ್ಲಿ ಅದೇ ಆಯಿತು. ಲೈವ್‌ನಿಂದ ಭದ್ರತಾ ಪಡೆಯವರ ಜೀವಕ್ಕೇ ಕುತ್ತು ಬಂತು ಅಂತ ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಹೇಳಿತು. 2015ರಿಂದ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ಟಿವಿಯಲ್ಲಿ ಲೈವ್ ತೋರಿಸುವಂತಿಲ್ಲ.

ಶಹಾಬಾದ್ ಕಿರಾಣಿ: ಮುಖ ಮಬ್ಬು ಮಾಡಿ ಹಾಕಿದರೆ?

ವಕೀಲರು: ಬೇಡ.

ಆಳಂದ ನಾಕಾ: ನನ್ನ ರೂಮಿನ ವಿಷಯ ಯಾರಾದರೂ ಹೇಳ್ರೀ.

ಚಿಂಚೋಳಿ ಬುಲೆಟ್: ಮೇಡಂ ಬರೀ ಕಾನೂನು ಹೇಳುತ್ತಾರೆ. ಜನ ಎಚ್ಚರವಾಗಿರಲಿ ಅಂತ ಢಾಬಾ ಫೋಟೋ ಮತ್ತೆ ಹಾಕಿದ್ದೇನೆ.

ಸೇಡಂ ರೋಡ್: ಅಣ್ಣಾ ಅದು ನಮ್ಮ ಹುಡುಗ, ತೆಗೀರಿ. ಮೇಡಂ, ಅವನಿಗೆ ಹದಿನೇಳು. ಪಿಯುಸಿ ಓದುತ್ತಿದ್ದಾನೆ.

ವಕೀಲರು: ಹದಿನೇಳಾ? ಹಾಗಾದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ಸಾಕ್ಷಿಯಾಗಲಿ, ಆರೋಪ ಹೊತ್ತವನಾಗಲಿ, ಅವನ ಮುಖ, ಹೆಸರು, ಕಾಲೇಜು ಯಾವುದನ್ನೂ ಯಾರೂ ತೋರಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ವಿಚಾರಣೆಗೆ ಕರೆದರೆ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲಿ ಅಂತ ಕೇಳಿ. ಅಣ್ಣಾ, ಅವನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತಗೊಂಡು ಬೆಳಗ್ಗೆ ಕೋರ್ಟಿಗೆ ಬನ್ನಿ, ಅವನ ತಾಯಿಯೂ ಬರಲಿ. ಅಡ್ಮಿನ್, ಆ ಫೋಟೋವನ್ನು ಯಾರಿಗೂ ಕಾಣದ ಹಾಗೆ ಈಗಲೇ ಅಳಿಸಿ. ಚಿಂಚೋಳಿಯವರು ಇನ್ನೊಮ್ಮೆ ಹಾಕಿದರೆ ಅವರ ನಂಬರನ್ನೂ ದೂರಿನಲ್ಲಿ ನಾನೇ ಬರೆಸುತ್ತೇನೆ.

ಅಡ್ಮಿನ್: ಅಳಿಸಿದ್ದೇನೆ. ಚಿಂಚೋಳಿ ಬುಲೆಟ್ ಅವರನ್ನು ಗುಂಪಿನಿಂದ ತೆಗೆದಿದ್ದೇನೆ.

ಜೇವರ್ಗಿ: ಯಾವ ಫೋಟೋ? ನಾನು ನೋಡಲೇ ಇಲ್ಲ, ಯಾರಾದರೂ ಕಳಿಸಿ.