ಹೆಂಗಸರಿಗೆ ಓಟು ಕೇಳದೆ ಸಿಕ್ಕಿದ್ದಾ? ಉಡುಪಿಯ ಇತಿಹಾಸ ಉಪನ್ಯಾಸಕಿಯ ಉತ್ತರ

ಪ್ರಶ್ನೆ (ಹೈಸ್ಕೂಲ್ ಟೀಚರ್, ಸುರತ್ಕಲ್): ನಮಸ್ತೆ ಮೇಡಂ. ಜನವರಿ 25ರ ಮತದಾರರ ದಿನಕ್ಕೆ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೆಂಗಸರ ಮತದಾನದ ಹಕ್ಕಿನ ಬಗ್ಗೆ ಹೇಳಬೇಕು. ಸ್ಟಾಫ್ ರೂಮಿನಲ್ಲಿ ಒಬ್ಬರು ಸರ್, "ಇಂಗ್ಲೆಂಡಿನಲ್ಲಿ ಹೆಂಗಸರು ಜೈಲಿಗೆ ಹೋಗಿ ಓಟು ತಗೊಂಡ್ರು. ನಮ್ಮಲ್ಲಿ ಯಾರೂ ಕೇಳಲಿಲ್ಲ, ಸಂವಿಧಾನ ಬಂತು, ತನ್ನಷ್ಟಕ್ಕೆ ಸಿಕ್ಕಿತು" ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಆದರೆ ಎದುರು ಹೇಳಲಿಕ್ಕೆ ವಿಷಯ ಬೇಕಲ್ವಾ? ನಮ್ಮ ಊರಿಗೆ ಸಂಬಂಧಪಟ್ಟದ್ದು ಏನಾದರೂ ಉಂಟಾ?

ಉತ್ತರ: ಧಾರಾಳ ಉಂಟು ಟೀಚರ್. "ಯಾರೂ ಕೇಳಲಿಲ್ಲ" ಅನ್ನುವ ಮಾತು ತುಂಬ ಕಡೆ ಕೇಳುತ್ತೇನೆ, ಪ್ರತಿ ಸಲವೂ ಬೇಸರ ಆಗುತ್ತದೆ. ಸಂವಿಧಾನ ಬರುವ 32 ವರ್ಷ ಮೊದಲೇ ನಮ್ಮ ಹೆಂಗಸರು ಕೇಳಿದ್ದರು.

1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಮದ್ರಾಸಿಗೆ ಬಂದಿದ್ದ. ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಅವನನ್ನು ಕಂಡು, ಆಡಳಿತದ ಹೊಸ ಸುಧಾರಣೆಯಲ್ಲಿ ಗಂಡಸರಿಗೆ ಕೊಡುವ ಮತದ ಹಕ್ಕನ್ನು ನಮಗೂ ಕೊಡಿ ಎಂದು ಮನವಿ ಕೊಟ್ಟಿತು. ಇದರ ಹಿಂದೆ ಓಡಾಡಿದವರು ಐರ್ಲೆಂಡಿನಿಂದ ಬಂದಿದ್ದ ಮಾರ್ಗರೆಟ್ ಕಸಿನ್ಸ್. ಈ ಹೆಸರು ನೆನಪಿಡಿ, ಮಂಗಳೂರಿನ ಕಥೆಯಲ್ಲಿ ಮತ್ತೆ ಬರುತ್ತದೆ.

ಮತದ ಹಕ್ಕಿನ ವಿಚಾರಣೆಗೆ ಬಂದ ಸೌತ್‌ಬರೋ ಸಮಿತಿ "ಸಮಾಜದ ಸ್ಥಿತಿ ನೋಡಿದರೆ ಈಗಲೇ ಬೇಡ" ಎಂದು ಕೈ ಆಡಿಸಿತು. ನಮ್ಮವರು ಬಿಡಲಿಲ್ಲ. 1919ರಲ್ಲಿ ಹೀರಾಬಾಯಿ ಟಾಟಾ ತಮ್ಮ ಮಗಳು ಮಿಥನ್ ಜೊತೆ ಲಂಡನ್ನಿಗೇ ಹೋಗಿ ವಾದಿಸಿದರು. ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು ಈ ಪ್ರಶ್ನೆಯನ್ನು ಆಯಾ ಪ್ರಾಂತ್ಯಗಳ ತಲೆಗೆ ಕಟ್ಟಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆ "ಹೆಂಗಸು ಎಂಬ ಕಾರಣಕ್ಕೆ ಓಟು ತಪ್ಪಿಸುವಂತಿಲ್ಲ" ಎಂದು ಒಪ್ಪಿತು.

ಮಂಗಳೂರು, ಉಡುಪಿ ಎರಡೂ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಹಾಗಾಗಿ ನಮ್ಮ ಊರಿಗೂ ಅದೇ ವರ್ಷ. ಇಂಗ್ಲೆಂಡಿನಲ್ಲಿ 1918ರಲ್ಲಿ ಓಟು ಸಿಕ್ಕಿದ್ದು 30 ದಾಟಿದ, ಆಸ್ತಿಯ ಅರ್ಹತೆ ಇದ್ದ ಹೆಂಗಸರಿಗೆ ಮಾತ್ರ. ಗಂಡಸರಿಗೆ ಸಮವಾಗಿ ಸಿಕ್ಕಿದ್ದು 1928ರಲ್ಲಿ. ಆ ಸರ್‌ಗೆ ಇದನ್ನು ಖಂಡಿತ ಹೇಳಿ.

ಪ್ರಶ್ನೆ (ಕಾಪುವಿನ ಒಬ್ಬರು): ಅಂದರೆ 1921ರಿಂದ ಎಲ್ಲ ಹೆಂಗಸರೂ ಓಟು ಹಾಕಿದರಾ? ನಮ್ಮಲ್ಲಿ ಅಳಿಯಸಂತಾನ ಇತ್ತು, ಆಸ್ತಿ ಹೆಣ್ಣಿನ ಕಡೆಯಿಂದಲೇ ಬರುತ್ತಿತ್ತು. ನಮ್ಮ ಅಜ್ಜಿಯಂದಿರಿಗೆ ಜಾಸ್ತಿ ಅನುಕೂಲ ಆಗಿರಬೇಕಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ. ಆಗ ಗಂಡಸರಿಗೂ ಎಲ್ಲರಿಗೆ ಓಟು ಇರಲಿಲ್ಲ. ಆಸ್ತಿ ಇರಬೇಕು, ಇಲ್ಲವೇ ತೆರಿಗೆ ಕಟ್ಟುತ್ತಿರಬೇಕು. ಸ್ವಂತ ಹೆಸರಿನಲ್ಲಿ ಆಸ್ತಿ ಇದ್ದ ಹೆಂಗಸರು ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ನೂರಕ್ಕೆ ಒಬ್ಬ ಹೆಂಗಸಿಗೂ ಓಟು ಇರಲಿಲ್ಲ. ಅಳಿಯಸಂತಾನದಲ್ಲಿ ವಂಶ ಹೆಣ್ಣಿನಿಂದ ಬಂದರೂ ಗೇಣಿ, ತೀರ್ವೆಯ (ಭೂಕಂದಾಯದ) ಲೆಕ್ಕ ಹೆಚ್ಚಾಗಿ ಯಜಮಾನನಾದ ಸೋದರಮಾವನ ಕೈಯಲ್ಲಿ. ಆಸ್ತಿ ಹೆಣ್ಣಿನ ಕಡೆಯದ್ದಾದ ಮಾತ್ರಕ್ಕೆ ಪಟ್ಟಿಯಲ್ಲಿ ಅವಳ ಹೆಸರು ಬರುವುದಿಲ್ಲವಲ್ಲ.

ಈ ಸಂಕಟವನ್ನು ಮನೆಯೊಳಗೇ ಕಂಡವರು ಕಮಲಾದೇವಿ ಚಟ್ಟೋಪಾಧ್ಯಾಯ. 1903ರಲ್ಲಿ ಮಂಗಳೂರಿನಲ್ಲೇ ಹುಟ್ಟಿದವರು. ಅಪ್ಪ ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದರು. ಉಯಿಲು ಬರೆಯದೆ ತೀರಿಕೊಂಡಾಗ ಕಮಲಾದೇವಿ ಇನ್ನೂ ಸಣ್ಣ ಹುಡುಗಿ. ಆಸ್ತಿ ಹೋದದ್ದು ಮೊದಲ ಹೆಂಡತಿಯ ಮಗನಿಗೆ. ಅಮ್ಮ ಗಿರಿಜಾಬಾಯಿ ಓದಿಕೊಂಡಿದ್ದ, ಧೈರ್ಯದ ಹೆಂಗಸು, ಆದರೂ ಆಸ್ತಿಯಲ್ಲಿ ಪಾಲು ಸಿಗಲಿಲ್ಲ. ಆಸ್ತಿ ಇಲ್ಲದವರಿಗೆ ಓಟಿಲ್ಲ, ಹೆಂಗಸಿಗೆ ಆಸ್ತಿ ಕೊಡುವುದಿಲ್ಲ. ಆ ಕಾಲದ ಗಂಟು ಇದು.

1926ರ ತನಕ ಹೆಂಗಸರು ಓಟು ಹಾಕಬಹುದಿತ್ತು, ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ. ಆ ವರ್ಷ ತಡೆ ಹೋದದ್ದೇ ತಡ, ಮಾರ್ಗರೆಟ್ ಕಸಿನ್ಸ್ ಕಮಲಾದೇವಿಯನ್ನು ಹುರಿದುಂಬಿಸಿದರು. ಕಮಲಾದೇವಿ ಮದ್ರಾಸ್ ಶಾಸನಸಭೆಗೆ ನಮ್ಮ ಕಡೆಯಿಂದಲೇ ಉಮೇದುವಾರರಾಗಿ ನಿಂತರು. ಪ್ರಚಾರಕ್ಕೆ ಸಿಕ್ಕ ಸಮಯ ತೀರಾ ಕಡಿಮೆ. ವಯಸ್ಸು ಇಪ್ಪತ್ತಮೂರು! ಸೋತರು, ಆದರೆ ಸ್ವಲ್ಪದರಲ್ಲಿ. ದೇಶದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸು ಎಂದು ಅವರನ್ನು ಹೇಳುತ್ತಾರೆ. ನಮ್ಮ ಮಕ್ಕಳಿಗೆ ಅವರು ಕರಕುಶಲ ವಸ್ತುಗಳ ಕಮಲಾದೇವಿಯಾಗಿ ಮಾತ್ರ ಗೊತ್ತು. ಈ ಚುನಾವಣೆಯ ವಿಷಯ ಮಂಗಳೂರಿನ ಪ್ರತಿ ಶಾಲೆಯಲ್ಲೂ ಹೇಳಬೇಕು ಅಂತ ನನ್ನ ಆಸೆ.

ಪ್ರಶ್ನೆ (ಸುರತ್ಕಲ್ ಟೀಚರ್): ತುಂಬ ಥ್ಯಾಂಕ್ಸ್ ಮೇಡಂ. ಹಾಗಾದರೆ ಆಸ್ತಿಯ ಷರತ್ತು ಹೋದದ್ದು ಯಾವಾಗ? ಮಕ್ಕಳಿಂದ ಒಂದು ಸಣ್ಣ ನಾಟಕ ಮಾಡಿಸುವ ಅಂತ ಉಂಟು. ಯಾವ ದೃಶ್ಯ ಇಡಬಹುದು?

ಉತ್ತರ: ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಸ್ವಲ್ಪ ಸಡಿಲ ಮಾಡಿದರು. ಗಂಡನಿಗೆ ಆಸ್ತಿ ಇದ್ದರೆ ಹೆಂಡತಿಗೂ ಓಟು, ಓದು ಬರಹ ಬಂದರೂ ಓಟು. ಸುಮಾರು 60 ಲಕ್ಷ ಹೆಂಗಸರು ಪಟ್ಟಿಗೆ ಬಂದರು. ಆದರೆ ಮಹಿಳಾ ಸಂಘಟನೆಗಳು 1931ರಲ್ಲೇ ಒಟ್ಟಾಗಿ ಕೇಳಿದ್ದು ಬೇರೆ: ಪ್ರಾಯಕ್ಕೆ ಬಂದ ಎಲ್ಲರಿಗೂ ಓಟು, ಗಂಡನ ಲೆಕ್ಕದಲ್ಲಿ ಬೇಡ. ಅದು ಸಿಕ್ಕಿದ್ದು ಸಂವಿಧಾನದ 326ನೇ ವಿಧಿಯಲ್ಲಿ. ಆಗ ವಯಸ್ಸು 21.

ನಾಟಕಕ್ಕೆ ನಾನಾದರೆ ಮೊದಲ ಮಹಾಚುನಾವಣೆ ತಗೊಳ್ಳುತ್ತೇನೆ, 1951–52. ಪಟ್ಟಿ ಬರೆಯುವವರು ಮನೆ ಬಾಗಿಲಿಗೆ ಬರುತ್ತಾರೆ. "ಹೆಸರು ಹೇಳಿಯಮ್ಮ." "ಇಂಥವರ ಹೆಂಡತಿ ಅಂತ ಬರ್ಕೊಳ್ಳಿ." ಇನ್ನೊಂದು ಮನೆಯಲ್ಲಿ "ಇಂಥವನ ತಾಯಿ". ತನ್ನ ಹೆಸರು ಪರಗಂಡಸಿಗೆ ಹೇಳಬಾರದು ಅನ್ನುವ ಕಟ್ಟು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದಕ್ಕೆ ಒಪ್ಪಲಿಲ್ಲ. ಸ್ವಂತ ಹೆಸರು ಇಲ್ಲದೆ ಮತದಾರಳಿಲ್ಲ ಅಂದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಓಟು ಕೈಗೆ ಬಂದೂ ಹೋಯಿತು. ನನಗೆ ಇದು ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಎರಡನೇ ದೃಶ್ಯಕ್ಕೆ ಮತಗಟ್ಟೆ. ಆಗ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಅದಕ್ಕೆ ಅವನ ಚಿಹ್ನೆ ಅಂಟಿಸಿರುತ್ತಿದ್ದರು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ರಟ್ಟಿನ ಡಬ್ಬ ನಾಲ್ಕು ತನ್ನಿ, ಚಿಹ್ನೆಗಳನ್ನು ಮಕ್ಕಳೇ ಬಿಡಿಸಲಿ. ಚೀಟಿ ಕೊಡುವ ಮೊದಲು ಪ್ರತಿ ಹುಡುಗಿಯೂ ತನ್ನ ಪೂರ್ತಿ ಹೆಸರು ಗಟ್ಟಿಯಾಗಿ ಹೇಳಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ.