ಸಿಂಧುವಿನ ಎಲ್‌ಎಲ್‌ಎಂ ಬಗ್ಗೆ ಮಾವನ ಉದ್ದ ಮಾತು

ಅಕ್ಕಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಈಗ ವಾಕಿಂಗ್ ಮುಗಿಸಿ ಬಂದು ಓದಿದೆ. ಸಿಂಧು ಐದು ವರ್ಷದ ಕಾನೂನು ಪದವಿ ಮುಗಿಸುತ್ತಿದ್ದಾಳೆ, ದಿವಾಳಿ ಕಾನೂನಿನಲ್ಲಿ ಎಲ್‌ಎಲ್‌ಎಂ, ಅಂದರೆ ಸ್ನಾತಕೋತ್ತರ ಪದವಿ, ಮಾಡುತ್ತೇನೆ, ಅದೂ ಅಮೆರಿಕದಲ್ಲೇ ಎಂದು ಹಟ ಹಿಡಿದಿದ್ದಾಳೆ, ಏನು ಮಾಡಲಿ ಎಂದು ಕೇಳಿದ್ದೀಯ. ಅದರ ಕೆಳಗೇ ಭಾವ, 'ಅವಳು ದಿವಾಳಿ ಓದಿ ಮುಗಿಸುವಷ್ಟರಲ್ಲಿ ನಾನು ಪಾಪರ್ ಆಗಿರುತ್ತೇನೆ' ಎಂದು ಬರೆದಿದ್ದಾರೆ. ಟೈಪ್ ಮಾಡುತ್ತ ಕುಳಿತರೆ ಮಧ್ಯಾಹ್ನವಾಗುತ್ತದೆ, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ಉದ್ದವಾದರೆ ಕಾಫಿ ಕುಡಿಯುತ್ತ ಕೇಳಿ.

'ದಿವಾಳಿ' ಎಂಬ ಹೆಸರೇ ಅಪಶಕುನ ಎಂದು ದೊಡ್ಡಮ್ಮ ಗೊಣಗಿದ್ದನ್ನು ಬಿಟ್ಟುಬಿಡಿ. ಹೆರಿಗೆ ಆಸ್ಪತ್ರೆಯ ಪಕ್ಕದಲ್ಲೇ ಶವಾಗಾರವೂ ಇರುತ್ತದೆ, ಎರಡಕ್ಕೂ ವೈದ್ಯರು ಬೇಕು. 2016ರ ದಿವಾಳಿ ಸಂಹಿತೆ ಬಂದ ಮೇಲೆ ಈ ಕೆಲಸಕ್ಕೆ ಜನ ಬೇಕೇ ಬೇಕು. ಮುಳುಗುತ್ತಿರುವ ಕಂಪನಿಯನ್ನು ಉಳಿಸಲು ನೋಡು, ಆಗದಿದ್ದರೆ ಮಾರಿ ಹಂಚು ಎಂಬುದು ಅದರ ತಿರುಳು. ಉಳಿಸುವ ಪ್ರಯತ್ನಕ್ಕೆ ಕಾಗದದಲ್ಲಿ 180 ದಿನ, ಹಿಗ್ಗಿಸಿದರೆ 330 ದಿನ. ಇದನ್ನು ಶುರು ಮಾಡಿ ಎಂಬ ಅರ್ಜಿಯನ್ನು ಅಂಗೀಕರಿಸುವುದೋ ಬಿಡುವುದೋ ಎಂದು ನ್ಯಾಯಮಂಡಳಿ ಹೇಳಲು 14 ದಿನ. ನಾನು ಬ್ಯಾಂಕಿನ ವಸೂಲಿ ವಿಭಾಗದಲ್ಲಿದ್ದಾಗ ಒಂದು ಅರ್ಜಿ ಅಂಗೀಕಾರವಾಗುವ ಹೊತ್ತಿಗೆ ನಮ್ಮ ಮುಖ್ಯಸ್ಥರು ಎರಡು ಬಾರಿ ಬದಲಾಗಿದ್ದರು.

ಸಿಂಧು, ನಿನಗೊಂದು ಸಂಗತಿ ಹೇಳುತ್ತೇನೆ. ಒಂದು ಕಾರ್ಖಾನೆಯ ಪ್ರಕರಣದಲ್ಲಿ ಸಾಲ ಕೊಟ್ಟವರ ಸಮಿತಿಗೆ ನಾನು ಬ್ಯಾಂಕಿನ ಪರವಾಗಿ ಹೋಗುತ್ತಿದ್ದೆ. ಒಂದು ದಿನ ಸಭೆ ಮುಗಿಸಿ ಹೊರಬಂದರೆ ಬಾಗಿಲ ಬಳಿ ಒಬ್ಬರು ನಿಂತಿದ್ದರು. ಆ ಕಾರ್ಖಾನೆಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುತ್ತಿದ್ದವರು. 11 ಲಕ್ಷ ಬಾಕಿ. ಬಿಲ್ಲು, ಚಲನ್ ಎಲ್ಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು, ಮೇಲಿನ ಹಾಳೆಗೆ ಬೆವರು ಹತ್ತಿ ಶಾಯಿ ಹರಡಿತ್ತು. 'ಒಳಗೆ ನನ್ನ ಹೆಸರು ಬಂತಾ ಸಾರ್?' ಎಂದು ಕೇಳಿದರು. ಬಂದಿರಲಿಲ್ಲ. ಸಮಿತಿಯಲ್ಲಿ ಮತ ಇರುವುದು ಹಣ ಸಾಲ ಕೊಟ್ಟವರಿಗೆ. ಶೇ 66ರಷ್ಟು ಮತ ಬಿದ್ದರೆ ಕಂಪನಿಯನ್ನು ಉಳಿಸುವ ಯೋಜನೆ ಪಾಸು. ಸರಕು ಕೊಟ್ಟು ಕೈಸುಟ್ಟುಕೊಂಡವರಿಗೆ ಕನಿಷ್ಠ ಇಷ್ಟು ಕೊಡಬೇಕೆಂಬ ಲೆಕ್ಕವೇನೋ ಇದೆ: ಕಂಪನಿಯನ್ನು ಮುಚ್ಚಿ ಮಾರಿದ್ದರೆ ಅವರ ಪಾಲಿಗೆ ಏನು ಬರುತ್ತಿತ್ತೋ ಅಷ್ಟು. ಬಹಳ ಸಲ ಅದು ಸೊನ್ನೆ. ಅವರಿಗೆ ಕೊನೆಗೆ ಬಂದದ್ದು ವಕೀಲರ ಫೀಸಿಗೂ ಸಾಲಲಿಲ್ಲ. 2020ರ ಮಾರ್ಚ್‌ನಲ್ಲಿ, ಅರ್ಜಿ ಹಾಕಲು ಇರಬೇಕಾದ ಕನಿಷ್ಠ ಬಾಕಿಯ ಮಿತಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದರು. ಈಗಾದರೆ ಅಂಥವರು ತಾವಾಗಿಯೇ ಅರ್ಜಿ ಹಾಕುವಂತೆಯೂ ಇಲ್ಲ.

ಒಂದು ನಿಮಿಷ, ಹಾಲಿನವನು ಬಂದ. ಹಾಂ.

ಹಾಗೆ ಬಾಕಿಗಾಗಿ ಕಾಯುವವರ ಸಾಲಿನಲ್ಲಿ ಬಿಸಿಸಿಐ ಕೂಡ ನಿಂತಿತ್ತು ಎಂದರೆ ನಂಬುತ್ತೀಯಾ? ಆನ್‌ಲೈನ್ ಪಾಠದ ಬೈಜೂಸ್‌ನ ಮಾತೃಸಂಸ್ಥೆಯ ಮೇಲೆ ಸುಮಾರು 158 ಕೋಟಿ ಪ್ರಾಯೋಜಕತ್ವದ ಬಾಕಿಗೆ ಅರ್ಜಿ ಹಾಕಿದ್ದು ಅದೇ. 2024ರ ಜುಲೈನಲ್ಲಿ ಎನ್‌ಸಿಎಲ್‌ಟಿಯ, ಅಂದರೆ ಇಂಥ ಅರ್ಜಿಗಳನ್ನು ಕೇಳುವ ಕಂಪನಿ ಕಾನೂನು ನ್ಯಾಯಮಂಡಳಿಯ, ಬೆಂಗಳೂರು ಪೀಠ ಅದನ್ನು ಅಂಗೀಕರಿಸಿತು. ಅದಕ್ಕೂ ಮೊದಲೇ, ಫೆಬ್ರುವರಿಯಲ್ಲಿ, ಬೈಜೂಸ್‌ನ ಅಮೆರಿಕದ ಅಂಗಸಂಸ್ಥೆ ಡೆಲವೇರ್‌ನ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಒಂದೇ ಮನೆಯ ಜಗಳ, ಎರಡು ದೇಶದ ಕೋರ್ಟು. ಇಂಥ ಗಡಿ ದಾಟುವ ಪ್ರಕರಣಗಳೇ ನಿನ್ನ ಗುರಿಯಾದರೆ ಅಮೆರಿಕದ ಓದಿಗೆ ಅರ್ಥವಿದೆ. ನ್ಯೂಯಾರ್ಕ್‌ನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ದಿವಾಳಿ ಕಾನೂನಿಗೆಂದೇ ಎಲ್‌ಎಲ್‌ಎಂ ನಡೆಸಿ ಹೆಸರು ಮಾಡಿದ್ದು ಸುಳ್ಳಲ್ಲ.

ಆದರೆ ಅಲ್ಲಿ ಕಲಿತದ್ದು ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಹಳೆಯ ಆಡಳಿತವೇ ಕುರ್ಚಿಯಲ್ಲಿ ಕುಳಿತು ಕಂಪನಿಯನ್ನು ದಡ ಸೇರಿಸಲು ನೋಡುತ್ತದೆ. ನಮ್ಮಲ್ಲಿ ಅರ್ಜಿ ಅಂಗೀಕಾರವಾದ ಕ್ಷಣದಿಂದ ನಿರ್ದೇಶಕರ ಅಧಿಕಾರ ಅಮಾನತು, ಬೀಗದ ಕೈ ಹೊರಗಿನ ದಿವಾಳಿ ವೃತ್ತಿಪರರ ಕೈಗೆ. ಅಲ್ಲಿ ಓದಿದವಳು ಇಲ್ಲಿ ಬಂದು ಅರ್ಧ ಮರೆಯಬೇಕು, ಅರ್ಧ ಹೊಸದಾಗಿ ಕಲಿಯಬೇಕು. ಅಲ್ಲೇ ಉಳಿಯುತ್ತೇನೆ ಎಂದರೆ ಅದಕ್ಕೂ ಕಷ್ಟ: ಓದಿನ ನಂತರ ವಿದ್ಯಾರ್ಥಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸಿಗುವುದು 12 ತಿಂಗಳು, ಎಂಜಿನಿಯರುಗಳಿಗೆ ಸಿಗುವ ಹೆಚ್ಚುವರಿ 24 ತಿಂಗಳು ಕಾನೂನಿನವರಿಗಿಲ್ಲ. ಮನೆ ಅಡವಿಟ್ಟು ಸಾಲ ಮಾಡುವವರು ಈ ಲೆಕ್ಕ ಹಾಕದೆ ಸಹಿ ಹಾಕಬಾರದು, ಭಾವ. ಬ್ಯಾಂಕಿನವನಾಗಿ ಹೇಳುತ್ತಿದ್ದೇನೆ.

ಇನ್ನೊಂದು ದಾರಿ ಇದೆ, ಅದನ್ನು ಯಾರೂ ಇವಳಿಗೆ ಹೇಳಿದಂತಿಲ್ಲ. ಆ ಬೀಗದ ಕೈ ಹಿಡಿಯುವ ವೃತ್ತಿಪರಳೇ ಆಗಬೇಕೆಂದರೆ ಎಲ್‌ಎಲ್‌ಎಂನಿಂದ ಆಗುವುದಿಲ್ಲ. ಮಾಮೂಲಿ ದಾರಿಯಲ್ಲಿ 10 ವರ್ಷ ವಕೀಲಿ ಅನುಭವ ಬೇಕು. ಹರಿಯಾಣದ ಮಾನೇಸರದ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆಯಲ್ಲಿ 2019ರಿಂದ ಎರಡು ವರ್ಷದ ಕೋರ್ಸ್ ಇದೆ. ಅದನ್ನು ಮುಗಿಸಿದವರು ಆ 10 ವರ್ಷ ಕಾಯದೆ ಪರೀಕ್ಷೆ ಬರೆದು ನೋಂದಣಿಗೆ ಹೋಗಬಹುದು. ಪಾಠ ಹೇಳುವ ಆಸೆಯಿದ್ದರೆ ಮಾತ್ರ ಎಲ್‌ಎಲ್‌ಎಂ ಬೇಕೇ ಬೇಕು. ಅದಕ್ಕೆ ಕ್ಲಾಟ್ ಎಂಬ ಕಾನೂನು ಪ್ರವೇಶ ಪರೀಕ್ಷೆ ಬರೆದು ನಮ್ಮ ಬೆಂಗಳೂರಿನ ಲಾ ಸ್ಕೂಲಿನಲ್ಲೇ ಒಂದು ವರ್ಷ ಓದಿದರೆ ಸಾಲದೇ?

ನನ್ನ ಮನಸ್ಸಿನಲ್ಲಿರುವುದು ಇಷ್ಟು: ಮೊದಲು ಒಂದು ವರ್ಷ ಈ ಪ್ರಕರಣಗಳನ್ನೇ ನಡೆಸುವ ಯಾರಾದರೂ ವಕೀಲರ ಬಳಿ ಜೂನಿಯರ್ ಆಗಿರಲಿ. ಬ್ಯಾಲೆನ್ಸ್ ಶೀಟ್ ಓದುವುದನ್ನು ನಾನು ಕಲಿಸುತ್ತೇನೆ, ಕಾನೂನು ಓದಿದವರಲ್ಲಿ ಮುಕ್ಕಾಲು ಮಂದಿ ಅದನ್ನು ಕಂಡರೆ ಓಡುತ್ತಾರೆ. ವರ್ಷ ಕಳೆದ ಮೇಲೂ ಅಮೆರಿಕ ಅಂದರೆ, ಸಾಲದ ಅರ್ಜಿಯನ್ನು ನಾನೇ ತುಂಬಿ ಕೊಡುತ್ತೇನೆ.

ಸಿಂಧು, ಸೋಮವಾರ ಎನ್‌ಸಿಎಲ್‌ಟಿಗೆ ಹೋಗೋಣ, ಹಿಂದಿನ ಸಾಲಿನಲ್ಲಿ ಕುಳಿತು ಇಡೀ ದಿನ ಕೇಳು. ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಾ, ಅತ್ತೆ ಇಡ್ಲಿ ಮಾಡಿರುತ್ತಾಳೆ. ಕರೀ ಕೋಟು ಬೇಡ, ಒಂದು ನೋಟ್‌ಬುಕ್ ತಾ.